ಬೇಸಿಗೆಯಲ್ಲಿ ತುಂಬುತೋಳಿನ ಅಂಗಿ

ಮೇ ತಿಂಗಳ ಸೆಕೆ. ತಿಪಟೂರಿನ ಹತ್ತಿರದ ನಮ್ಮ ಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಬೆವರು ನಿಲ್ಲುತ್ತಿರಲಿಲ್ಲ. ಅಂಥ ಬೆಳಗ್ಗೆ, ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಎಂಟು ವರ್ಷದ ಮೊಮ್ಮಗ ತುಂಬುತೋಳಿನ ಅಂಗಿ ತೊಟ್ಟು ತಿಂಡಿಗೆ ಬಂದು ಕುಳಿತ.

“ಯಾಕೋ ಪುಟ್ಟ, ಸೆಕೆ ಆಗಲ್ವೇನೋ?” ಎಂದೆ.

“ಇಲ್ಲ ಅಜ್ಜಿ, ಚಳಿ” ಎಂದ.

ಜ್ವರವೇನೋ ಎಂದು ಕೈ ಹಿಡಿಯಹೋದೆ. ಹುಡುಗ ಸರಕ್ಕನೆ ಕೈ ಎಳೆದುಕೊಂಡ. ಮೆಲ್ಲಗೆ ತೋಳು ಮಡಚಿ ನೋಡಿದರೆ ಮೊಣಕೈ ಕೆಳಗೆ ಎರಡು ಉದ್ದ ಗೆರೆ, ಅದರ ಮೇಲೆ ಒಣಗಿದ ರಕ್ತ. ಮೊದಲು “ಮುಳ್ಳು ತಾಗಿತು” ಎಂದ. ಆಮೇಲೆ “ತಂತಿ ಬೇಲಿ” ಎಂದ. ಕೊನೆಗೆ ಅಳುತ್ತಾ ನಿಜ ಹೇಳಿದ.

ಹಿಂದಿನ ಸಂಜೆ ಹಿತ್ತಲಲ್ಲಿ ನಮ್ಮ ನಾಯಿ ಕರಿಯ ಅನ್ನ ತಿನ್ನುತ್ತಿದ್ದ. ಅವನ ತಟ್ಟೆಗೆ ಬಿಸ್ಕತ್ತು ಹಾಕೋಣ ಎಂದು ಹುಡುಗ ತಟ್ಟೆಯನ್ನೇ ತನ್ನ ಕಡೆ ಎಳೆದಿದ್ದಾನೆ. ಕರಿಯ ಗುರ್ ಎಂದಿದ್ದಾನೆ. ಆಟವಾಡುತ್ತಿದ್ದಾನೆ ಎಂದುಕೊಂಡು ಇವನು ಇನ್ನೊಮ್ಮೆ ಎಳೆದಿದ್ದಾನೆ. ಅಷ್ಟೇ, ಹಲ್ಲು ತಾಗಿದೆ.

“ನಿನ್ನೇನೇ ಯಾಕೆ ಹೇಳಲಿಲ್ಲ ಕಂದ?”

“ಹೇಳಿದ್ರೆ ತಾತ ಕರಿಯನ್ನ ಓಡಿಸಿಬಿಡ್ತಾರೆ.”

ಈ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. “ಕಚ್ಚೋ ನಾಯಿ ಮನೇಲಿರಬಾರದು” ಎಂದು ನಮ್ಮ ಯಜಮಾನರು ಯಾವಾಗಲೋ ಊಟದ ಹೊತ್ತಿನಲ್ಲಿ ಹೇಳಿದ್ದು ನಿಜ. ದೊಡ್ಡವರು ಹೇಳಿ ಮರೆತಿದ್ದೆವು, ಮಗು ಮರೆತಿರಲಿಲ್ಲ. ತನ್ನ ಗೆಳೆಯನನ್ನು ಉಳಿಸಲು ಒಂದಿಡೀ ರಾತ್ರಿ ಗಾಯ ಮುಚ್ಚಿಕೊಂಡು ಮಲಗಿತ್ತು.

ಸೋಪು, ನೀರು, ಹದಿನೈದು ನಿಮಿಷ

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. “ಸುಣ್ಣ, ಅರಿಸಿನ ಕಲಸಿ ಮೆತ್ತಿ. ಸಾಕಿದ ನಾಯಿ ತಾನೆ, ಏನೂ ಆಗಲ್ಲ” ಎಂದರು. ನಮ್ಮ ಕಾಲದಲ್ಲಿ ಕಾಫಿಪುಡಿ, ಮೆಣಸಿನಪುಡಿ, ಬೇರಿನ ರಸ, ಏನೇನೋ ಹಚ್ಚುತ್ತಿದ್ದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೆ ಆ ಮಾತಿನಂತೆ ನಡೆದರೆ ಜೀವಕ್ಕೇ ಅಪಾಯ.

ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಪ್ರಾಣಿಯ ಜೊಲ್ಲಿನ ಮೂಲಕ ಗಾಯದೊಳಗೆ ಬರುತ್ತದೆ. ಅದರ ವೈರಾಣು ನರಗಳ ದಾರಿ ಹಿಡಿದು ಮೆಲ್ಲಗೆ ಮಿದುಳಿನತ್ತ ಸಾಗುತ್ತದೆ. ಮಿದುಳು ತಲುಪಿ ಲಕ್ಷಣ ಕಾಣಿಸಿಕೊಂಡಿತೆಂದರೆ ಬದುಕುಳಿಯುವುದು ಬಹಳ ಬಹಳ ಅಪರೂಪ. ಆದರೆ ಆ ದಾರಿಯಲ್ಲಿರುವಾಗಲೇ ತಡೆದರೆ ಈ ರೋಗವನ್ನು ಪೂರ್ತಿಯಾಗಿ ತಪ್ಪಿಸಬಹುದು. ಹೀಗಾಗಿ ಒಂದೊಂದು ಗಂಟೆಗೂ ಬೆಲೆಯಿದೆ. ಮಕ್ಕಳು ಗಿಡ್ಡಗಿರುವುದರಿಂದ ಮುಖ, ಕತ್ತಿಗೇ ಕಚ್ಚುವುದುಂಟು. ಅಲ್ಲಿಂದ ಮಿದುಳು ಇನ್ನೂ ಹತ್ತಿರ.

ಮೊದಲ ಕೆಲಸ ತೊಳೆಯುವುದು. ನಲ್ಲಿ ಬಿಟ್ಟು, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ, ಯಾಕೆಂದರೆ ಎರಡು ನಿಮಿಷಕ್ಕೇ ಹದಿನೈದಾಯಿತು ಅನ್ನಿಸುತ್ತದೆ. ಸೋಪು ಏನು ಮಾಡುತ್ತದೆ? ಈ ವೈರಾಣುವಿಗೆ ಕೊಬ್ಬಿನ ಹೊದಿಕೆಯಿದೆ. ಎಣ್ಣೆ ಜಿಡ್ಡಿನ ಪಾತ್ರೆಯನ್ನು ಸೋಪು ಬಿಡಿಸುವಂತೆ ಆ ಹೊದಿಕೆಯನ್ನೂ ಕರಗಿಸುತ್ತದೆ. ಕೊರೊನಾ ಬಂದಾಗ ಕೈ ತೊಳೆಯಿರಿ ಎಂದದ್ದಕ್ಕೂ ಇದೇ ಕಾರಣ. ಸುಣ್ಣ, ಖಾರದ ಪುಡಿ ಗಾಯವನ್ನು ಸುಡುತ್ತವೆಯೇ ಹೊರತು ಈ ಕೆಲಸ ಮಾಡುವುದಿಲ್ಲ.

ತಡವಾಗಿದ್ದರೂ ತೊಳೆದೆವು. ತಾಲ್ಲೂಕು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮೊದಲು ಕೇಳಿದ್ದು ನನ್ನನ್ನು: “ನಾಯಿಗೆ ಲಸಿಕೆ ಯಾವಾಗ ಹಾಕಿಸಿದ್ರಿ ಅಮ್ಮ?”

ನಾನು ತಲೆ ತಗ್ಗಿಸಿದೆ. ಮರಿಯಾಗಿದ್ದಾಗ ಹಾಕಿಸಿದ್ದೆವು. ಪ್ರತಿವರ್ಷ ಹಾಕಿಸಬೇಕು ಎಂಬುದು ಗೊತ್ತಿತ್ತು. ಅವರೆಕಾಯಿ ಕಾಲ, ಮದುವೆ ಕಾಲ, ಮೊಣಕಾಲು ನೋವು ಎಂದು ಒಂದೂವರೆ ವರ್ಷ ದಾಟಿಸಿಬಿಟ್ಟಿದ್ದೆ. ಹುಡುಗ ಒಂದು ರಾತ್ರಿ ಮುಚ್ಚಿಟ್ಟ, ನಾನು ಆರು ತಿಂಗಳು ಮುಂದೂಡಿದೆ. ಯಾರ ತಪ್ಪು ದೊಡ್ಡದು?

ಹೊಕ್ಕಳ ಸುತ್ತ ಹದಿನಾಲ್ಕು

“ಹದಿನಾಲ್ಕು ಇಂಜೆಕ್ಷನ್ ಕೊಡ್ತಾರಾ?” ಹುಡುಗ ನಡುಗುತ್ತಿದ್ದ. ತಾತನ ಬಾಯಲ್ಲಿ ಕೇಳಿದ ಕಥೆ ಅದು. ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಕುರಿಯ ಮಿದುಳಿನಿಂದ ತಯಾರಿಸಿದ ಲಸಿಕೆಯನ್ನು ದಿನಕ್ಕೊಂದರಂತೆ ಹೊಕ್ಕಳ ಸುತ್ತ ಚುಚ್ಚುತ್ತಿದ್ದರು. ಆ ಭಯಕ್ಕೇ ಎಷ್ಟೋ ಜನ ಆಸ್ಪತ್ರೆಗೆ ಹೋಗುತ್ತಿರಲಿಲ್ಲ. ಆ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತೇಹೋಯಿತು.

ಈಗ ತೋಳಿಗೇ ಕೊಡುತ್ತಾರೆ. ಚರ್ಮದೊಳಗೆ ಕೊಡುವ ವಿಧಾನದಲ್ಲಿ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ರಕ್ತ ಬಂದ ಗಾಯವಾಗಿದ್ದರೆ ಗಾಯದ ಸುತ್ತ ಇನ್ನೊಂದು ಮದ್ದನ್ನೂ ಚುಚ್ಚುತ್ತಾರೆ. ಲಸಿಕೆಯಿಂದ ದೇಹ ತನ್ನದೇ ಸೈನ್ಯ ಕಟ್ಟಿಕೊಳ್ಳಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಕಾವಲಿಗೆ ನಿಲ್ಲುವ ಸಿದ್ಧ ಸೈನ್ಯ ಅದು. ನಮ್ಮ ಹುಡುಗನಿಗೂ ಅದು ಬೇಕಾಯಿತು. ಅತ್ತ. ಆದರೆ ಕೈ ಕೊಸರಲಿಲ್ಲ.

ಮನೆಗೆ ಬರುವಾಗ ಅವನಿಗೆ ಇನ್ನೊಬ್ಬ ಹುಡುಗನ ಕಥೆ ಹೇಳಿದೆ. ಜೋಸೆಫ್ ಮೈಸ್ಟರ್, ಒಂಬತ್ತು ವರ್ಷ. ಹುಚ್ಚುನಾಯಿ ಮೈಯೆಲ್ಲ ಕಚ್ಚಿತ್ತು. ತಾಯಿ ಅವನನ್ನು ಕರೆದುಕೊಂಡು ಪ್ಯಾರಿಸ್ಸಿನ ಲೂಯಿ ಪಾಶ್ಚರ್ ಬಳಿಗೆ ಹೋದಳು. ಪಾಶ್ಚರ್ ವೈದ್ಯರಲ್ಲ, ವಿಜ್ಞಾನಿ. ಅವರ ಲಸಿಕೆ ಅಲ್ಲಿಯವರೆಗೆ ನಾಯಿಗಳ ಮೇಲೆ ಗೆದ್ದಿತ್ತು. ಕೊಡದಿದ್ದರೆ ಹುಡುಗ ಸಾಯುತ್ತಾನೆ, ಕೊಟ್ಟರೆ ಏನಾಗುವುದೋ! 1885ರ ಜುಲೈ 6ರಂದು ವೈದ್ಯರ ಕೈಯಿಂದ ಮೊದಲ ಚುಚ್ಚುಮದ್ದು ಕೊಡಿಸಿದರು. ಹುಡುಗ ಬದುಕಿದ. ದೊಡ್ಡವನಾದ ಮೇಲೆ ಪಾಶ್ಚರ್ ಸಂಸ್ಥೆಯಲ್ಲೇ ಕಾವಲುಗಾರನಾಗಿ ಕೆಲಸ ಮಾಡಿದ. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲೂ 1907ರಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ಈಗ ವಿಶ್ವ ರೇಬಿಸ್ ದಿನವಾಗಿ ಆಚರಿಸುತ್ತಾರೆ.

ಕರಿಯನ ಹತ್ತು ದಿನ

ನಾಯಿಯನ್ನು ಓಡಿಸಬಾರದು, ಕಟ್ಟಿಹಾಕಿ ಹತ್ತು ದಿನ ಗಮನಿಸಬೇಕು ಎಂದು ಡಾಕ್ಟರು ಹೇಳಿದ್ದರು. ಓಡಿಸಿದರೆ ಅದಕ್ಕೆ ರೋಗವಿತ್ತೇ ಇಲ್ಲವೇ ಎಂದು ತಿಳಿಯುವುದೇ ಇಲ್ಲ. ಆದರೆ ಹತ್ತು ದಿನ ನೋಡೋಣ ಎಂದು ಮಗುವಿನ ಲಸಿಕೆಯನ್ನು ಮುಂದೆ ಹಾಕುವಂತಿಲ್ಲ. ಎರಡೂ ಒಟ್ಟಿಗೆ ನಡೆಯಬೇಕು.

ಹುಡುಗ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹಾಕಿದ. ದೂರದಲ್ಲಿ ಕುಳಿತು, ಕರಿಯ ಅನ್ನ ತಿಂದನೇ, ನೀರು ಕುಡಿದನೇ ಎಂದು ಬರೆದಿಟ್ಟ. ಆ ದಿನಗಳಲ್ಲೇ ಅವನ ತಾತ ಆತಕೂರಿನ ಕಾಳಿಯ ಕಥೆ ಹೇಳಿದರು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕನ್ನಡ ಶಾಸನವದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ, ಹಂದಿಯ ಕಾಳಗ ಆ ಕಲ್ಲಿನ ಮೇಲೆ ಇವತ್ತಿಗೂ ಇದೆ. “ನಮ್ಮೋರು ನಾಯಿಗೂ ವೀರಗಲ್ಲು ನಿಲ್ಲಿಸಿದ್ರು ಕಣೋ. ನಾನು ಕರಿಯನ್ನ ಎಲ್ಲಿಗೆ ಓಡಿಸ್ಲಿ!” ಎಂದರು. ತಾತ ಸೋತ ರೀತಿ ಅದು. ಹುಡುಗನ ಮುಖದಲ್ಲಿ ನಗು ಬಂದದ್ದು ಆಗಲೇ.

ಗುರ್ ಎಂದರೆ ಏನು?

ಹತ್ತು ದಿನ ಕಳೆದವು. ಕರಿಯ ಗಟ್ಟಿಮುಟ್ಟಾಗಿಯೇ ಇದ್ದ. ಆಮೇಲೆ ಪಶು ಆಸ್ಪತ್ರೆಗೆ ಕರೆದೊಯ್ದು ಲಸಿಕೆ ಹಾಕಿಸಿದೆವು. ಅಲ್ಲಿನ ಪಶುವೈದ್ಯರು ಒಂದು ಮಾತು ಕೇಳಿದರು: “ಗುರ್ ಅಂದಾಗ ಅವನನ್ನು ಹೊಡೀತಿದ್ರಾ?” ಹೌದು, ಗದರಿಸುತ್ತಿದ್ದೆವು. “ಹಾಗೆ ಮಾಡಬೇಡಿ” ಎಂದರು.

ಗುರುಗುಟ್ಟುವುದು ನಾಯಿಯ ಮಾತು. ‘ನನಗೆ ಇದು ಇಷ್ಟವಿಲ್ಲ, ದೂರ ಹೋಗು’ ಎಂದು ಅದು ಹೇಳುತ್ತಿದೆ. ಅದಕ್ಕೆ ಹೊಡೆದರೆ ನಾಯಿ ಹೇಳುವುದನ್ನು ಬಿಡುತ್ತದೆ, ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಗುರ್ ಎನ್ನುವ ಮೊದಲೂ ಸಣ್ಣ ಸೂಚನೆಗಳಿರುತ್ತವೆ. ಮುಖ ತಿರುಗಿಸುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದು ನಿಲ್ಲುವುದು. ಬಾಲ ಅಲ್ಲಾಡಿದರೆಲ್ಲ ಸಂತೋಷವೂ ಅಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆ ಮನುಷ್ಯರಿಗೆ ಸರಿ, ನಾಯಿಗಲ್ಲ. ಬೆಕ್ಕು ಬಾಲ ಬಡಿಯುತ್ತಿದ್ದರೆ ಸಿಟ್ಟು ಏರುತ್ತಿದೆ ಎಂದೇ ಅರ್ಥ. ಬೆಕ್ಕು ಕಚ್ಚಿದರೂ ಪರಚಿದರೂ ಸೋಪು, ನೀರು, ಆಸ್ಪತ್ರೆ ಎಂಬ ನಿಯಮ ಒಂದೇ.

ವೈದ್ಯರ ಆ ಮಾತು ನನಗೆ ಎರಡು ಸಲ ನಾಟಿತು. ಹೇಳಿದ್ದಕ್ಕೆ ಹೊಡೆದರೆ ನಾಯಿ ಹೇಳುವುದನ್ನು ಬಿಡುತ್ತದೆ. ಹೇಳಿದರೆ ಬೈಯುತ್ತಾರೆ ಎಂದಾದರೆ ಮಗುವೂ ಹೇಳುವುದನ್ನು ಬಿಡುತ್ತದೆ. ನಮ್ಮ ಮನೆಯಲ್ಲಿ ಎರಡೂ ಆಗಿತ್ತು.

ಈಗ ನಮ್ಮ ಮನೆಯ ಕಟ್ಟಳೆ

ನನ್ನ ಓರಗೆಯ ಅಜ್ಜಿ ತಾತಂದಿರಿಗೆ ಕೆಲವು ಮಾತು. ಅಂಬೆಗಾಲಿಡುವ ಕೂಸನ್ನೂ ನಾಯಿಯನ್ನೂ ಒಂದು ಗಳಿಗೆ ಕೂಡ ಎರಡನ್ನೇ ಬಿಡಬೇಡಿ. ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡುವಾಗ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡಿ. ಎಷ್ಟು ಸಾಧುವಾದ ನಾಯಿಯಾದರೂ ಕಿವಿ ಜಗ್ಗಿದರೆ ಅದಕ್ಕೂ ನೋವಾಗುತ್ತದೆ. ವಯಸ್ಸಾದ ನಾಯಿಗೆ ನಮ್ಮಂತೆಯೇ ಕೀಲುನೋವು, ಕಿವಿ ಮಂದ. ಮಕ್ಕಳು ಕಾಲಿಡದ ಒಂದು ಮೂಲೆ ಅದಕ್ಕಿರಲಿ. ಲಸಿಕೆಯ ಜೊತೆಗೆ ಜಂತುಹುಳದ ಔಷಧವನ್ನೂ ಹೊತ್ತಿಗೆ ಸರಿಯಾಗಿ ಕೊಡಿಸಿ, ಅದರ ಹುಳ ಮಕ್ಕಳ ಹೊಟ್ಟೆಗೂ ಸೇರಬಹುದು. ಪಾಯಸದ ದ್ರಾಕ್ಷಿ, ಈರುಳ್ಳಿ ಹಾಕಿದ ಹುಳಿ, ಚಾಕೊಲೇಟು ನಾಯಿಗೆ ವಿಷ. ಮೊಮ್ಮಕ್ಕಳು ಪ್ರೀತಿಯಿಂದ ಹಾಕುವುದೇ ಇವನ್ನು!

ಮಕ್ಕಳೇ, ಇನ್ನು ನಿಮಗೆ. ಇವನ್ನು ನನ್ನ ಮೊಮ್ಮಗನೇ ತನ್ನ ಅಕ್ಷರದಲ್ಲಿ ಬರೆದು ಹಿತ್ತಲ ಬಾಗಿಲಿಗೆ ಅಂಟಿಸಿದ್ದಾನೆ.

1. ತಿನ್ನುವಾಗ, ಮಲಗಿದಾಗ, ಮರಿಗಳ ಜೊತೆ ಇರುವಾಗ ನಾಯಿಯನ್ನು ಮುಟ್ಟಬಾರದು.

2. ನಾಯಿಯನ್ನು ತಬ್ಬಿಕೊಂಡು ಮುಖಕ್ಕೆ ಮುಖ ತಾಗಿಸಬಾರದು. ಬಳಿಗೆ ಕರೆಯಬೇಕು. ಬಂದರೆ ಸವರಬೇಕು, ಬರದಿದ್ದರೆ ಬಿಡಬೇಕು.

3. ಗುರುತಿಲ್ಲದ ನಾಯಿ ಬಂದರೆ ಓಡಬಾರದು, ಕಿರುಚಬಾರದು. ಕೈ ಕಟ್ಟಿ, ಪಾದ ನೋಡುತ್ತಾ ಮರದ ಹಾಗೆ ನಿಲ್ಲಬೇಕು.

4. ಆಟ ಮುಗಿದ ಮೇಲೆ ಕೈ ತೊಳೆಯಬೇಕು.

5. ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಆಗಲೇ ಹೇಳಬೇಕು. ಮರಿಯಾದರೂ, ನಮ್ಮ ಮನೆಯದೇ ಆದರೂ.

ಐದನೆಯದರ ಕೆಳಗೆ ಬೇರೆ ಅಕ್ಷರದಲ್ಲಿ ಇನ್ನೊಂದು ಸಾಲಿದೆ. ‘ಹೇಳಿದವರನ್ನು ಯಾರೂ ಬೈಯುವುದಿಲ್ಲ, ನಾಯಿಯನ್ನು ಯಾರೂ ಓಡಿಸುವುದಿಲ್ಲ.’ ಅದು ತಾತನ ಕೈಬರಹ. ಕೆಳಗೆ ಸಹಿಯನ್ನೂ ಹಾಕಿದ್ದಾರೆ.

28ನೇ ದಿನದ ಚುಚ್ಚುಮದ್ದನ್ನು ಹುಡುಗ ಬೆಂಗಳೂರಿನಲ್ಲಿ ಹಾಕಿಸಿಕೊಂಡ. ಅವತ್ತು ಸಂಜೆ ಫೋನು ಮಾಡಿ ಮೊದಲು ಕೇಳಿದ್ದು, “ಅಜ್ಜಿ, ಕರಿಯನ ಮುಂದಿನ ಲಸಿಕೆ ಯಾವತ್ತು? ಬರೆದಿಟ್ಕೊಂಡಿದ್ದೀಯಾ?”

ಬರೆದಿಟ್ಟುಕೊಂಡಿದ್ದೇನೆ. ಹಾಲಿನ ಲೆಕ್ಕದ ಪಕ್ಕದಲ್ಲಿ, ದಿನವೂ ಕಣ್ಣಿಗೆ ಬೀಳುವಂತೆ.