ಉದಯಗಿರಿ ಮನೆ ಮಹಡೀಲಿ ಹೀಟ್ ಪಂಪ್ ಡ್ರೈಯರ್: ಸಬ್ಸಿಡಿ ಲೆಕ್ಕ, ಕರೆಂಟ್ ಲೆಕ್ಕ

2022ರ ಅಕ್ಟೋಬರ್ ತಿಂಗಳನ್ನು ಮೈಸೂರಿನ ಕಡೆಯ ರೈತರು ಅಷ್ಟು ಬೇಗ ಮರೆಯಲ್ಲ. ಬಿಟ್ಟೂ ಬಿಡದೆ ಮಳೆ. ವರುಣ ಕಡೆಯ ನಮ್ಮ ಎರಡೆಕರೆಯಿಂದ ಅರವತ್ತು ಕೆಜಿ ನುಗ್ಗೆಸೊಪ್ಪು ಕಿತ್ತು ತಂದು, ಉದಯಗಿರಿಯ ಮನೆ ಮಹಡಿ ಮೇಲೆ ಶೇಡ್ ನೆಟ್ ಕೆಳಗೆ ಹರಡಿದ್ದೆ. ಮೂರು ದಿನ ಬಿಸಿಲಿನ ಮುಖ ಕಾಣಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಅಮ್ಮ ಮೇಲೆ ಹೋಗಿ ಬಂದವರು, "ಏನೋ ಇದು, ಮುಗ್ಗಲು ವಾಸನೆ ಹೊಡೀತಿದೆಯಲ್ಲೋ" ಅಂದರು. ಅಷ್ಟನ್ನೂ ಚೀಲಕ್ಕೆ ತುಂಬಿ ವಾಪಸ್ ತೋಟದ ಗೊಬ್ಬರದ ಗುಂಡಿಗೇ ಹಾಕಿದೆ. ತೋಟಗಾರಿಕೆ ಓದಿ ಬಂದವನು ನಾನು. ಸೊಪ್ಪು ಒಣಗಿಸೋಕೆ ಬರಲಿಲ್ಲ ಅಂತ ಯಾರಿಗೂ ಹೇಳಿಕೊಳ್ಳಲೂ ಆಗಲಿಲ್ಲ.

ಸಾವಯವ ಬೆಳೆ ಬೆಳೆಯೋದು ಒಂದು ಕಷ್ಟ. ಬೆಳೆದದ್ದನ್ನ ಬಣ್ಣ ಕೆಡದ ಹಾಗೆ ಒಣಗಿಸೋದು ಇನ್ನೊಂದು. ಬಿಸಿಲಲ್ಲಿ ಒಣಗಿದ ಸೊಪ್ಪಿನ ಪುಡಿ ಮಂಕಾಗಿ ಕಂದು ತಿರುಗಿರುತ್ತೆ; ನನ್ನ ಖರೀದಿದಾರರು ಅದಕ್ಕೆ ಕೆಜಿಗೆ 180 ರೂಪಾಯಿ ಮೇಲೆ ಕೊಡುತ್ತಿರಲಿಲ್ಲ. ಹಸಿರು ಬಣ್ಣ ಉಳಿದ ಪುಡಿಗೆ ಅದೇ ಅಂಗಡಿಯವರು 400 ಕೊಡೋಕೆ ತಯಾರಿದ್ದರು. ಈ ವ್ಯತ್ಯಾಸವೇ ನನ್ನನ್ನು ಹೀಟ್ ಪಂಪ್ ಹತ್ತಿರ ಕರ್ಕೊಂಡು ಹೋಗಿದ್ದು.

ಹೀಟ್ ಪಂಪ್ ಅಂದ್ರೆ ಹೊಸ ವಿದ್ಯೆ ಏನಲ್ಲ. ನಿಮ್ಮ ಮನೆ ಫ್ರಿಜ್ಜಿನ ಹಿಂದೆ ಕೈ ಇಟ್ಟು ನೋಡಿ, ಬಿಸಿ ಇರುತ್ತೆ. ಒಳಗಿನ ಶಾಖವನ್ನ ಕಂಪ್ರೆಸರ್ ಎಳೆದು ಹಿಂದಕ್ಕೆ ತಳ್ಳುತ್ತಿದೆ, ಅಷ್ಟೆ. ಅದೇ ಕೆಲಸವನ್ನ ಡ್ರೈಯರ್ ಪೆಟ್ಟಿಗೆಯೊಳಗೆ ಮಾಡಿಸಿದರೆ, ಸೊಪ್ಪಿನ ಮೇಲಿಂದ ಹಾದು ಬಂದ ತೇವದ ಗಾಳಿ ಮೊದಲು ತಣ್ಣನೆಯ ಕಾಯಿಲ್ ಮೇಲೆ ಹೋಗುತ್ತೆ. ತಣ್ಣೀರಿನ ಲೋಟದ ಹೊರಗೆ ಹನಿ ಕಟ್ಟುತ್ತಲ್ಲ, ಹಾಗೆ ಗಾಳಿಯಲ್ಲಿದ್ದ ನೀರು ಅಲ್ಲಿ ಹನಿಯಾಗಿ ಪೈಪಿನಲ್ಲಿ ಇಳಿದು ಹೋಗುತ್ತೆ. ಒಣಗಿದ ಗಾಳಿ ಆಮೇಲೆ ಬಿಸಿ ಕಾಯಿಲ್ ಮೇಲೆ ಹಾದು, ಬೆಚ್ಚಗಾಗಿ ಮತ್ತೆ ಸೊಪ್ಪಿನ ಕಡೆಗೇ ಬರುತ್ತೆ. ಹೊರಗೆ ಜಡಿಮಳೆ ಇದ್ದರೂ ಒಳಗಿನ ಗಾಳಿ ಒಣಗಿದ್ದೇ. ಅದಕ್ಕೇ 45–50 ಡಿಗ್ರಿಯಷ್ಟು ಕಡಿಮೆ ಶಾಖದಲ್ಲೂ ಸೊಪ್ಪು ಗರಿಗರಿ ಆಗುತ್ತೆ, ಬಣ್ಣ ಹೋಗಲ್ಲ.

ಕರೆಂಟು ಉಳಿಯೋದೂ ಇಲ್ಲೇ. ಕಾಯಿಲ್ ಹೀಟರ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ, ಅದಕ್ಕಿಂತ ಹೆಚ್ಚು ಬರೋಕೆ ಸಾಧ್ಯವೇ ಇಲ್ಲ. ಹೀಟ್ ಪಂಪ್ ಶಾಖವನ್ನ ಹುಟ್ಟಿಸಲ್ಲ, ಸಾಗಿಸುತ್ತೆ. ಹಾಗಾಗಿ ಒಂದಕ್ಕೆ ಎರಡೂವರೆ–ಮೂರರಷ್ಟು ಶಾಖ ಸಿಗುತ್ತೆ. ನನ್ನ ಮೀಟರಿನ ಲೆಕ್ಕ ಹೇಳ್ತೀನಿ. ನಲವತ್ತು ಕೆಜಿ ಹಸಿ ಸೊಪ್ಪು ಹಾಕಿದರೆ ಹತ್ತು ಕೆಜಿ ಚಿಲ್ಲರೆ ಒಣಸೊಪ್ಪು ಬರುತ್ತೆ. ಹತ್ತಿರ ಹತ್ತಿರ ಮೂವತ್ತು ಲೀಟರ್ ನೀರು ಹೋಯ್ತು ಅಂತ ಅರ್ಥ. ಅದಕ್ಕೆ ಹಿಡಿದ ಕರೆಂಟು ಇಪ್ಪತ್ತು ಯೂನಿಟ್ ಆಸುಪಾಸು. ಗೆಳೆಯನೊಬ್ಬನ ಕಾಯಿಲ್ ಡ್ರೈಯರ್‌ನಲ್ಲಿ ಇಷ್ಟೇ ಸೊಪ್ಪಿಗೆ ನಲವತ್ತು ದಾಟುತ್ತಿತ್ತು.

ಇಂಗ್ಲೆಂಡ್ ಕಡೆ ಮನೆ ಬೆಚ್ಚಗೆ ಇಡೋಕೇ ಹೀಟ್ ಪಂಪ್ ಹಾಕಿಸ್ತಾರೆ. ಅಲ್ಲಿನ ಸರ್ಕಾರ ಒಂದು ಮನೆಗೆ 7,500 ಪೌಂಡ್ ಕೊಡುತ್ತೆ. ನಮ್ಮ ಮೈಸೂರಿಗೆ ಮನೆ ಬೆಚ್ಚಗೆ ಮಾಡುವ ಗೋಜಿಲ್ಲ, ಸ್ನಾನದ ನೀರಿಗೆ ಮಹಡಿ ಮೇಲಿನ ಸೋಲಾರ್ ಸಾಕು. ನಮಗೆ ದುಡ್ಡು ಸಿಗೋದು ಒಣಗಿಸೋಕೆ. ಅದರ ದಾರಿ ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ. ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ಶುರು ಮಾಡಿದ್ದು. ಕೇಂದ್ರದ ಸಬ್ಸಿಡಿ ಶೇ. 35, ಹತ್ತು ಲಕ್ಷದವರೆಗೆ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ. 15 ಸೇರಿಸಿ ಒಟ್ಟು ಶೇ. 50, ಹದಿನೈದು ಲಕ್ಷದವರೆಗೆ ಮಾಡಿತು. ರಾಜ್ಯದಲ್ಲಿ ನೋಡಿಕೊಳ್ಳೋದು ಕೆಪೆಕ್. ಯೋಜನೆ ಮೊದಲು ಐದು ವರ್ಷಕ್ಕೆ ಅಂತಿತ್ತು, ಆಮೇಲೆ 2025–26ರವರೆಗೆ ಮುಂದುವರಿಸಿದರು. ಹಾಗಾಗಿ ಇದನ್ನ ಓದಿದ ತಕ್ಷಣ ಡೀಲರ್‌ಗೆ ಫೋನ್ ಮಾಡಬೇಡಿ, ಮೊದಲು ಪೋರ್ಟಲ್‌ನಲ್ಲಿ ಅರ್ಜಿ ತಗೊಳ್ತಾ ಇದ್ದಾರಾ ನೋಡಿ. 'ಒಂದು ಜಿಲ್ಲೆ ಒಂದು ಉತ್ಪನ್ನ' ಪಟ್ಟಿಯಲ್ಲಿ ಮೈಸೂರಿಗೆ ಬಾಳೆ, ಚಾಮರಾಜನಗರಕ್ಕೆ ಅರಿಶಿನ ಇದೆ. ಆದರೆ ಆ ಪಟ್ಟಿಯಲ್ಲಿ ಇಲ್ಲದ ಬೆಳೆಗೂ ಅರ್ಜಿ ಹಾಕಬಹುದು, ನನ್ನದು ನುಗ್ಗೆಸೊಪ್ಪೇ. ಒಂದು ಮನೆಯಿಂದ ಒಬ್ಬರಿಗೆ ಮಾತ್ರ.

ಡೀಲರ್‌ಗೆ ಮೊದಲೇ ಫೋನ್ ಮಾಡಬೇಡಿ ಅಂದೆನಲ್ಲ, ಅದು ನಾನೇ ಮಾಡಿದ ತಪ್ಪು. 2023ರ ಜುಲೈನಲ್ಲಿ ಒಬ್ಬ ಡೀಲರ್ ಮನೆಗೇ ಬಂದು, "ಸಾರ್, ಐವತ್ತು ಸಾವಿರ ಅಡ್ವಾನ್ಸ್ ಹಾಕ್ಬಿಡಿ, ಸಬ್ಸಿಡಿ ನಾವೇ ಮಾಡಿಸ್ಕೊಡ್ತೀವಿ" ಅಂದರು. ನಾನು ಫೋನ್ ಪೇ ತೆಗೆದು ನಂಬರ್ ಕೂಡ ಹಾಕಿದ್ದೆ. ಅಮ್ಮ ಅಡುಗೆಮನೆಯಿಂದಲೇ, "ಸಾಲ ಆಗೋಕ್ ಮುಂಚೆ ದುಡ್ಡು ಯಾಕೋ?" ಅಂತ ಕೇಳಿದರು. ಅಷ್ಟಕ್ಕೆ ನಿಲ್ಲಿಸಿದೆ. ಆಮೇಲೆ ಗೊತ್ತಾಯ್ತು, ಈ ಸಬ್ಸಿಡಿ ಸಾಲಕ್ಕೆ ಕಟ್ಟಿದ ಸಬ್ಸಿಡಿ. ಸಾಲ ಮಂಜೂರಾಗೋ ಮೊದಲೇ ಮಿಷನ್ ಕೊಂಡರೆ ಕೇಸೇ ನಿಲ್ಲಲ್ಲ.

ಅದೇ ಡೀಲರ್ ಇನ್ನೊಂದು ದಾರಿಯನ್ನೂ ತೋರಿಸಿದರು. ಬಿಲ್ಲನ್ನ ಒಂದು ಲಕ್ಷ ಜಾಸ್ತಿ ಹಾಕಿ ಕೊಡ್ತೀವಿ, ನಿಮ್ಮ ಪಾಲಿನ ಹತ್ತು ಪರ್ಸೆಂಟೂ ಕೈಯಿಂದ ಹಾಕೋದು ಬೇಡ ಅಂತ. ಕೇಳೋಕೆ ಚೆನ್ನಾಗಿರುತ್ತೆ. ಆದರೆ ಸಾಲ ಇರೋದು ನಿಮ್ಮ ಹೆಸರಲ್ಲಿ, ಬಡ್ಡಿ ಕಟ್ಟೋರು ನೀವು, ನಾಳೆ ಪರಿಶೀಲನೆಗೆ ಬಂದರೆ ಸುಳ್ಳು ಬಿಲ್ಲಿಗೆ ಸಹಿ ಹಾಕಿದವರೂ ನೀವೇ. ಆ ಡೀಲರ್ ಹತ್ತಿರ ಮಿಷನ್ ತಗೊಳ್ಳಲಿಲ್ಲ.

ಸರಿಯಾದ ದಾರಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ. ಅರ್ಜಿ ತುಂಬೋದು, ಪ್ರಾಜೆಕ್ಟ್ ರಿಪೋರ್ಟ್ ಮಾಡೋದು, ಬ್ಯಾಂಕಿಗೆ ಓಡಾಡೋದು ಎಲ್ಲಕ್ಕೂ ಅವರು ಜೊತೆಗಿರ್ತಾರೆ. ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿದರೆ ನಂಬರ್ ಸಿಗುತ್ತೆ. ಅವರಿಗೆ ಸಂಭಾವನೆ ಸರ್ಕಾರವೇ ಕೊಡುತ್ತೆ, ನೀವು ಕೊಡಬೇಕಾಗಿಲ್ಲ. ನನ್ನ ಅರ್ಜಿ 2023ರ ಆಗಸ್ಟ್‌ನಲ್ಲಿ ಹೋಯಿತು. ಆಧಾರ್, ಪಾನ್, ಆರು ತಿಂಗಳ ಪಾಸ್‌ಬುಕ್, ಮಿಷನ್ ಕೊಟೇಶನ್, ಜಾಗದ ಕಾಗದ. ಜಾಗದ ಕಾಗದದಲ್ಲೇ ಸಿಕ್ಕಿಕೊಂಡೆ. ಮನೆ ಅಮ್ಮನ ಹೆಸರಲ್ಲಿದೆ, ಅರ್ಜಿ ನನ್ನದು. ಮೊದಲು ಹೋದ ಬ್ಯಾಂಕಿನವರು "ಉದಯಗಿರಿಯಲ್ಲಿ, ಅದೂ ಮನೆ ಮಹಡಿ ಮೇಲೆ ಯೂನಿಟ್ಟಾ?" ಅಂತ ಫೈಲನ್ನೇ ವಾಪಸ್ ತಳ್ಳಿದರು. ಏರಿಯಾದ ಹೆಸರು ಕೇಳಿ ಮುಖ ಸಿಂಡರಿಸೋದು ನಮಗೆ ಹೊಸದಲ್ಲ. ಈ ಬೀದಿಗಳಲ್ಲಿ ಬೀಡಿ ಸುತ್ತಿ, ಊದುಬತ್ತಿ ಹೊಸೆದು ಮಕ್ಕಳನ್ನ ಓದಿಸಿದ ಮನೆಗಳು ಎಷ್ಟಿವೆ ಅಂತ ಅವರಿಗೆ ಗೊತ್ತಿಲ್ಲ. ಎರಡನೇ ಬ್ಯಾಂಕಿನಲ್ಲಿ ಅಮ್ಮನಿಂದ ಬಾಡಿಗೆ ಕರಾರು, ಒಪ್ಪಿಗೆ ಪತ್ರ ಮಾಡಿಸಿ ಕೊಟ್ಟೆ. ಹಳೆ ಬೈಕ್ ಸಾಲ ತೀರಿಸಿದ್ದರಿಂದ ಸಿಬಿಲ್ ಚೆನ್ನಾಗಿತ್ತು. ಅಷ್ಟಾದರೂ ಮಂಜೂರಾತಿಗೆ ನಾಲ್ಕು ತಿಂಗಳು ಹಿಡೀತು.

ಈಗ ದುಡ್ಡಿನ ಲೆಕ್ಕ, ಯಾಕಂದ್ರೆ ಇಲ್ಲೇ ತುಂಬಾ ಜನ ಎಡವೋದು. ನನ್ನ ಡ್ರೈಯರ್ ಒಂದು ಸಲಕ್ಕೆ ಐವತ್ತು ಕೆಜಿಯದ್ದು, 3,40,000 ರೂಪಾಯಿ. ಪುಡಿ ಮಾಡೋ ಪಲ್ವರೈಸರ್ 45,000. ಪ್ಯಾಕಿಂಗ್ ಸೀಲರ್ 15,000. ಒಟ್ಟು ನಾಲ್ಕು ಲಕ್ಷ. ನನ್ನ ಪಾಲು ಶೇ. 10, ನಲವತ್ತು ಸಾವಿರ. ಸಾಲ 3,60,000. ಸಬ್ಸಿಡಿ ಎರಡು ಲಕ್ಷ: ಕೇಂದ್ರದ್ದು 1,40,000, ರಾಜ್ಯದ್ದು 60,000.

ಆ ಎರಡು ಲಕ್ಷ ನಿಮ್ಮ ಕೈಗೆ ಬರಲ್ಲ. ಬ್ಯಾಂಕಿನಲ್ಲೇ ನಿಮ್ಮ ಹೆಸರಿನ ಬೇರೆ ಖಾತೆಯಲ್ಲಿ ಕೂರುತ್ತೆ. ಸಾಲದ ಕೊನೆ ಕಂತು ಬಿಡುಗಡೆ ಆಗಿ ಮೂರು ವರ್ಷ ಆಗೋ ಹೊತ್ತಿಗೆ ಘಟಕ ನಡೀತಾ ಇರಬೇಕು, ಸಾಲ ಸುಸ್ತಿ ಆಗಿರಬಾರದು. ಆಗ ಅದನ್ನ ಸಾಲಕ್ಕೆ ವಜಾ ಮಾಡ್ತಾರೆ. ಹಾಗಾಗಿ ಅವಧಿ ಆರಿಸೋವಾಗ ಯೋಚನೆ ಮಾಡಿ. ನನ್ನ ಬಡ್ಡಿ ಹತ್ತೂವರೆ ಪರ್ಸೆಂಟ್. ಐದು ವರ್ಷಕ್ಕೆ ತಗೊಂಡಿದ್ದರೆ ತಿಂಗಳ ಕಂತು 7,700 ಮೇಲೆ, ಮೂರು ವರ್ಷ ಮುಗಿಯೋ ಹೊತ್ತಿಗೆ ಉಳಿದ ಸಾಲ ಎರಡು ಲಕ್ಷಕ್ಕಿಂತ ಕಡಿಮೆ. ಅಂದ್ರೆ ಸಬ್ಸಿಡಿ ಬಳಕೆಗೆ ಬರೋ ಮೊದಲೇ ನಿಮ್ಮ ಜೇಬಿನಿಂದ ಜಾಸ್ತಿ ಕಟ್ಟಿಬಿಟ್ಟಿರ್ತೀರಿ. ಏಳು ವರ್ಷಕ್ಕೆ ತಗೊಂಡೆ: ಕಂತು 6,070. ಮೂರು ವರ್ಷಕ್ಕೆ ಉಳಿಯೋದು ಸುಮಾರು 2,37,000. ಎರಡು ಲಕ್ಷ ಕಳೆದರೆ ಮಿಕ್ಕಿದ್ದು 37,000 ಮಾತ್ರ. ಸಬ್ಸಿಡಿಯಷ್ಟು ಭಾಗದ ಸಾಲಕ್ಕೆ ಬಡ್ಡಿ ಹೇಗೆ ಹಾಕ್ತೀರಿ ಅಂತ ಬ್ಯಾಂಕಿನಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಿ.

ಮೂರು ವರ್ಷದೊಳಗೆ ಮಿಷನ್ ಮೂಲೆಗೆ ಬಿದ್ದರೆ ಸಬ್ಸಿಡಿ ಹೋಯ್ತು, ಸಾಲ ಪೂರ್ತಿ ನಿಮ್ಮದು. ನನಗಿನ್ನೂ ಮೂರು ವರ್ಷ ಆಗಿಲ್ಲ. ಮಿಷನ್ ಬಂದಿದ್ದು 2024ರ ಫೆಬ್ರವರಿಯಲ್ಲಿ.

ಬಂದ ದಿನ ಮಾಡಿಕೊಂಡ ಎಡವಟ್ಟು ಹೇಳದೆ ಇರೋಕಾಗಲ್ಲ. ಮಹಡಿ ಮೇಲಿನ ಸಣ್ಣ ರೂಮಿನಲ್ಲಿ, ಗೋಡೆಗೆ ಅಂಟಿಸಿದ ಹಾಗೆ ಇಟ್ಟು ಹೋದರು ಕೂರಿಸೋಕೆ ಬಂದವರು. ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ರೂಮು ಮೊದಲೇ ಒಲೆ. ಅದರ ಮೇಲೆ ಕಂಪ್ರೆಸರ್ ಶಾಖ ಹೊರಗೆ ಹೋಗೋಕೆ ದಾರಿಯಿಲ್ಲ. ಮಧ್ಯಾಹ್ನ ಎರಡಕ್ಕೆ ಟ್ರಿಪ್, ಮೂರಕ್ಕೆ ಟ್ರಿಪ್. ಫೋನ್ ಮಾಡಿದರೆ "ವೋಲ್ಟೇಜ್ ಪ್ರಾಬ್ಲಮ್" ಅಂದರು. ಕೊನೆಗೆ ನಾವೇ ಗೋಡೆಯಿಂದ ಎರಡಡಿ ಈಚೆಗೆ ಎಳೆದು, ಎಕ್ಸಾಸ್ಟ್ ಫ್ಯಾನ್ ಹಾಕಿ, ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದ ಮೇಲೆ ಸರಿ ಹೋಯ್ತು. ಕೊಳ್ಳೋ ಮುಂಚೆ ಡೀಲರ್‌ನ ಎರಡೇ ಪ್ರಶ್ನೆ ಕೇಳಿ: ಒಂದು ಯೂನಿಟ್ ಕರೆಂಟಿಗೆ ಎಷ್ಟು ಲೀಟರ್ ನೀರು ತೆಗೆಯುತ್ತೆ, ಕಂಪ್ರೆಸರ್ ಕೆಟ್ಟರೆ ಮೈಸೂರಿಂದ ಯಾರು ಬರ್ತಾರೆ. ಮೊದಲನೆಯದಕ್ಕೆ ಉತ್ತರ ಕೊಡದೆ 'ಐವತ್ತು ಕೆಜಿ ಮಿಷನ್' ಅಂತಲೇ ಹೇಳ್ತಾ ಇದ್ದರೆ ಎದ್ದು ಬನ್ನಿ. ಟ್ರೇಗೆ ಐವತ್ತು ಕೆಜಿ ಹಿಡಿಸೋದು ಬೇರೆ, ಅಷ್ಟನ್ನ ಒಣಗಿಸೋದು ಬೇರೆ. ನಾನು ಇವತ್ತಿಗೂ ನಲವತ್ತರ ಮೇಲೆ ಹಾಕಲ್ಲ.

ಕರೆಂಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಗೃಹಜ್ಯೋತಿ ಬಂದ ಮೇಲೆ ಮನೆ ಬಿಲ್ ಸೊನ್ನೆ, ಅದೇ ಮೀಟರಿಗೆ ಡ್ರೈಯರ್ ಸಿಕ್ಕಿಸಿದರಾಯ್ತು ಅಂತ ಗೆಳೆಯರು ಹೇಳಿದರು. ಬೇಡ. ಆ ಯೋಜನೆ ಮನೆ ಬಳಕೆಗೆ, ಇನ್ನೂರು ಯೂನಿಟ್ ಮಿತಿ ಬೇರೆ. ಹತ್ತು ಬ್ಯಾಚಿಗೇ ಇನ್ನೂರು ಮುಗಿಯುತ್ತೆ. ವ್ಯಾಪಾರಕ್ಕೆ ಬಳಸಿ ಸಿಕ್ಕಿಬಿದ್ದರೆ ದಂಡ. ಸೆಸ್ಕ್‌ಗೆ ಅರ್ಜಿ ಹಾಕಿ ಬೇರೆ ಮೀಟರ್ ತಗೊಂಡೆ. ಯೂನಿಟ್ಟಿಗೆ ಎಂಟು ರೂಪಾಯಿ ಅಂತಲೇ ಹಿಡಿದರೂ ಒಂದು ಬ್ಯಾಚಿಗೆ 160.

ಒಂದು ಬ್ಯಾಚಿನ ಲೆಕ್ಕ ಹೀಗೆ: ಹತ್ತು ಕೆಜಿ ಪುಡಿಗೆ 4,000. ಕೀಳೋಕೆ, ಕಡ್ಡಿ ಬಿಡಿಸೋಕೆ ಕೂಲಿ 1,200. ಕರೆಂಟ್ 160, ಪ್ಯಾಕಿಂಗು, ಸಾಗಣೆ 300. ಉಳಿಯೋದು 2,340. ತಿಂಗಳಿಗೆ ಮೂರು ಬ್ಯಾಚ್ ಆದರೆ ಕಂತು ಹುಟ್ಟುತ್ತೆ. ಮೂರಕ್ಕಿಂತ ಕಡಿಮೆ ಸೊಪ್ಪು ನಿಮ್ಮ ತೋಟದಲ್ಲಿದ್ದರೆ ಈ ಮಿಷನ್ ಬೇಡ, ಸೋಲಾರ್ ಟನಲ್ ಡ್ರೈಯರ್ ನೋಡಿ. ಬಿಸಿಲಿದ್ದಾಗ ಅದಕ್ಕೆ ಬಿಟ್ಟಿ ಶಾಖ. ಮಳೆಯಲ್ಲಿ ಮಾತ್ರ ಕೈಕೊಡುತ್ತೆ. ಇಲ್ಲವೇ ನಾಲ್ಕು ಜನ ಸೇರಿ ಒಂದು ಹಾಕಿಸಿ. ಬಾಳೆಹಣ್ಣಿಗೆ 55–60 ಡಿಗ್ರಿ ಬೇಕು, ಮೆಣಸಿನಕಾಯಿಗೂ ಹೆಚ್ಚುಕಡಿಮೆ ಅಷ್ಟೇ. ಸೊಪ್ಪಿನ ಜೊತೆ ಈರುಳ್ಳಿ ಮಾತ್ರ ಹಾಕಬೇಡಿ. ಗಾಳಿ ಒಳಗೇ ಸುತ್ತೋದರಿಂದ ಎಲ್ಲಕ್ಕೂ ವಾಸನೆ ಹತ್ತುತ್ತೆ. ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ಒಂದು ಪ್ಯಾಕೆಟ್ಟನ್ನೂ ಮಾರಬೇಡಿ. ಒಣಗಿಸೋ ವಿದ್ಯೆ ಕಲೀಬೇಕಾದರೆ ಮೈಸೂರಿನವರು ಅದೃಷ್ಟವಂತರು, ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ಸಿಎಫ್‌ಟಿಆರ್‌ಐ ಇದೆ, ಸಣ್ಣ ಅವಧಿಯ ತರಬೇತಿಗಳನ್ನೂ ನಡೆಸ್ತಾರೆ.

ಇನ್ನು ಫಿಲ್ಟರ್. ಸೊಪ್ಪಿನ ಧೂಳು ಹಾರಿ ತಣ್ಣನೆ ಕಾಯಿಲ್ ಮೇಲೆ ಕೂತರೆ ನೀರು ಇಳಿಯೋದು ನಿಲ್ಲುತ್ತೆ, ಮೀಟರ್ ಮಾತ್ರ ಓಡುತ್ತೆ. ಪ್ರತಿ ಬ್ಯಾಚ್ ಆದಮೇಲೆ ತೊಳೀಬೇಕು. ಪೈಪಿನಿಂದ ಬರೋ ನೀರನ್ನ ಅಳೆದರೆ ಮಿಷನ್ ಆರೋಗ್ಯ ಗೊತ್ತಾಗುತ್ತೆ: ನಲವತ್ತು ಕೆಜಿಗೆ ಎರಡು ಬಿಂದಿಗೆ ಹತ್ತಿರ ಬಂದರೆ ಸರಿ, ಒಂದೇ ಬಂದರೆ ಕಾಯಿಲ್ ನೋಡಿ. ಅಮ್ಮ ಆ ನೀರನ್ನ ನೆಲ ಒರೆಸೋಕೆ ಇಟ್ಟುಕೊಳ್ತಾರೆ.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆ ಆಪಾ ಮೇಲೆ ಬಂದು, "ಬೇಟಾ, ಮಗಳ ಮದುವೆಗೆ ಹತ್ತು ಕೆಜಿ ಮೆಣಸಿನಕಾಯಿ ತಂದಿದೀನಿ, ಮಳೆ ನಿಲ್ತಾನೇ ಇಲ್ಲ, ನಿನ್ನ ಪೆಟ್ಟಿಗೇಲಿ ಜಾಗ ಇದೆಯಾ?" ಅಂದರು. ರಾತ್ರಿ ಹಾಕಿ ಬೆಳಗ್ಗೆ ಕೊಟ್ಟೆ. ದುಡ್ಡು ಬೇಡ ಅಂದೆ. ಮದುವೆ ದಿನ ಅಮ್ಮನಿಗೂ ನನಗೂ ಊಟದ ಡಬ್ಬಿ ಬಂತು. ಈಗ ಶ್ರಾವಣದ ಸಂಡಿಗೆ, ರಂಜಾನಿಗೆ ಮುಂಚಿನ ಮಸಾಲೆ, ಎಲ್ಲಾ ನಮ್ಮ ಮೆಟ್ಟಿಲು ಹತ್ತುತ್ತೆ. ಕೆಜಿಗೆ ಇಷ್ಟು ಅಂತ ಅಮ್ಮನೇ ಒಂದು ರೇಟು ಕಟ್ಟಿ, ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಿಡ್ತಾರೆ. ಈ ವಾರ ಸೊಪ್ಪಿನ ಬ್ಯಾಚ್ ಯಾವತ್ತು ಹಾಕಲಿ ಅಂತ ನಾನೀಗ ಅವರನ್ನೇ ಕೇಳಬೇಕು.