ಯಾರು, ಯಾರಿಗೆ, ಯಾಕೆ ಹೇಳಿದರು? ಮಕ್ಕಳಿಗೆ ಬರಹದ ಉದ್ದೇಶ ಗುರುತಿಸೋದನ್ನ ಕಲಿಸೋದು ಹೇಗೆ

ಇವತ್ತಿನ ಕಂತಿನಲ್ಲಿ ಪ್ರೈಮರಿ ಶಾಲೆ ಮಕ್ಕಳ ಓದಿನ ಬಗ್ಗೆ ಮಾತಾಡೋಣ. ಅಕ್ಷರ ಕೂಡಿಸಿ ಓದೋದರ ಬಗ್ಗೆ ಅಲ್ಲ. ಓದೋಕೆ ಬಂದ ಮೇಲೆ ಮಗು ಕೇಳಬೇಕಾದ ಒಂದು ಪ್ರಶ್ನೆ ಇದೆ: 'ಇದನ್ನ ಬರೆದವರು ಯಾಕೆ ಬರೆದರು?' ಇದಕ್ಕೆ ಲೇಖಕರ ಉದ್ದೇಶ ಗುರುತಿಸುವುದು ಅಂತಾರೆ. ಹೆಸರು ಕೇಳಿದರೆ ಇದು ದೊಡ್ಡವರ ವಿಷಯ ಅನ್ನಿಸುತ್ತೆ. ಆದರೆ ಮೂರನೇ ಕ್ಲಾಸಿನ ಮಕ್ಕಳೂ ಇದನ್ನ ಚೆನ್ನಾಗಿ ಕಲೀತಾರೆ.

ಕನ್ನಡ ಪುಸ್ತಕದಲ್ಲಿ ಪಾಠ ಮುಗಿದ ಮೇಲೆ ಬರೋ ಅಭ್ಯಾಸ ನಿಮಗೆ ನೆನಪಿರಬೇಕು. ಬಿಟ್ಟ ಸ್ಥಳ ತುಂಬಿರಿ, ಒಂದು ವಾಕ್ಯದಲ್ಲಿ ಉತ್ತರಿಸಿ, ಆಮೇಲೆ 'ಈ ಮಾತನ್ನು ಯಾರು ಯಾರಿಗೆ ಹೇಳಿದರು?' ಈ ಕೊನೆಯ ಪ್ರಶ್ನೆಗೆ ಮಕ್ಕಳು ಪಟಪಟ ಅಂತ ಉತ್ತರ ಕೊಡ್ತಾರೆ. ನರಿ ಕಾಗೆಗೆ ಹೇಳಿತು, ಅಜ್ಜಿ ಮೊಮ್ಮಗನಿಗೆ ಹೇಳಿದಳು. ನಾನು ಹೇಳೋದು ಇಷ್ಟೇ: ಇದೇ ಪ್ರಶ್ನೆಯನ್ನ ಇಡೀ ಪಾಠಕ್ಕೆ ಕೇಳಿ. ಈ ಪಾಠವನ್ನ ಯಾರು, ಯಾರಿಗೆ, ಯಾಕೆ ಹೇಳಿದರು? ಮಕ್ಕಳಿಗೆ ಆಗಲೇ ರೂಢಿಯಾಗಿರೋ ಪ್ರಶ್ನೆಗೆ 'ಯಾಕೆ' ಅನ್ನೋ ಒಂದೇ ಪದ ಸೇರಿಸಿದ್ದೀವಿ.

ಅಮೆರಿಕದ ಪ್ರೈಮರಿ ಶಾಲೆಗಳಲ್ಲಿ ಇದನ್ನ ಕಲಿಸೋಕೆ ಇಂಗ್ಲಿಷಿನ ಪಿ, ಐ, ಇ ಅನ್ನೋ ಮೂರು ಅಕ್ಷರ ಹೇಳಿಕೊಡ್ತಾರೆ. ಮನವೊಲಿಸುವುದು, ಮಾಹಿತಿ ಕೊಡುವುದು, ಮನರಂಜಿಸುವುದು ಅನ್ನೋ ಮೂರು ಉದ್ದೇಶಗಳಿಗೆ ಇಂಗ್ಲಿಷಿನಲ್ಲಿರೋ ಪದಗಳ ಮೊದಲಕ್ಷರ ಅವು. ಕನ್ನಡದಲ್ಲಿ ನಮಗೆ ಇನ್ನೂ ಸುಲಭ, ಗಮನಿಸಿದ್ರಾ? ಮಾಹಿತಿ, ಮನರಂಜನೆ, ಮನವೊಲಿಕೆ. ಮೂರೂ 'ಮ'ದಿಂದಲೇ ಶುರು. ಬೋರ್ಡಿನ ಮೇಲೆ ಮೂರು 'ಮ' ಬರೆದರೆ ಸಾಕು, ಮಕ್ಕಳು ಮರೆಯೋದಿಲ್ಲ. ಮನವೊಲಿಕೆ ಅನ್ನೋ ಪದ ಚಿಕ್ಕ ಮಕ್ಕಳಿಗೆ ಕಷ್ಟ ಆಗಬಹುದು. ಅವರಿಗೆ 'ತಿಳಿಸೋಕೆ, ನಗಿಸೋಕೆ, ಒಪ್ಪಿಸೋಕೆ' ಅಂದರೂ ಆಯಿತು.

ಈಗ ಒಂದು ಉದಾಹರಣೆ. ಮಾವಿನ ಹಣ್ಣಿನ ಬಗ್ಗೆ ಮೂರು ತುಣುಕು ಓದ್ತೀನಿ, ಕೇಳಿ.

ಒಂದು: 'ಮಾವು ಬೇಸಿಗೆಯ ಹಣ್ಣು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಹೆಸರಾದ ಊರು.'

ಎರಡು: 'ಬನ್ನಿ, ಬನ್ನಿ! ತೋಟದಿಂದ ನೇರವಾಗಿ ನಿಮ್ಮ ಮನೆಗೆ! ಇಂಥ ರುಚಿ ಬೇರೆಲ್ಲೂ ಸಿಗಲ್ಲ. ಇಂದೇ ಕೊಳ್ಳಿ!'

ಮೂರು: 'ಮರದ ತುದಿಯಲ್ಲಿದ್ದ ಮಾವಿನ ಹಣ್ಣು ಕೆಳಗಿದ್ದ ಪುಟ್ಟನನ್ನು ನೋಡಿ ನಕ್ಕಿತು. "ತಾಕತ್ತಿದ್ದರೆ ಹಿಡಿ ನೋಡೋಣ" ಅಂದಿತು. ಪುಟ್ಟ ಬಾಯಿ ತೆರೆದು ನಿಂತ. ಬಿದ್ದದ್ದು ಹಣ್ಣಲ್ಲ, ಕಾಗೆ ಹಿಕ್ಕೆ!'

ಮೂರನೆಯದಕ್ಕೆ ಇಡೀ ಕ್ಲಾಸು ನಗುತ್ತೆ. ಅಲ್ಲಿಗೆ ಅರ್ಧ ಪಾಠ ಆದ ಹಾಗೇ. ವಿಷಯ ಒಂದೇ, ಉದ್ದೇಶ ಮೂರು ಅನ್ನೋದು ಅವರಿಗೆ ಕಣ್ಣೆದುರೇ ಕಾಣುತ್ತೆ. ಇದು ಮುಖ್ಯ. ಯಾಕಂದ್ರೆ ಶುರುವಿನಲ್ಲಿ ಮಕ್ಕಳು ವಿಷಯವನ್ನೇ ಉದ್ದೇಶ ಅಂದುಕೊಳ್ತಾರೆ. 'ಯಾಕೆ ಬರೆದರು?' ಅಂದರೆ 'ಮಾವಿನ ಹಣ್ಣಿನ ಬಗ್ಗೆ ಹೇಳೋಕೆ' ಅಂತಾರೆ. ಆಗ ತಪ್ಪು ಅನ್ನಬೇಡಿ. 'ಸರಿ, ಹೇಳಿ ಆದ ಮೇಲೆ ನೀನು ಏನು ಮಾಡಬೇಕು ಅಂತ ಅವರಿಗೆ ಆಸೆ? ತಿಳ್ಕೋಬೇಕಾ, ನಗಬೇಕಾ, ದುಡ್ಡು ಕೊಟ್ಟು ಕೊಳ್ಳಬೇಕಾ?' ಅಂತ ಕೇಳಿ. ಉತ್ತರ ತಾನಾಗಿ ಬರುತ್ತೆ.

ಇನ್ನೊಂದು ಎಚ್ಚರ ಬೇಕು. ಮೂರು 'ಮ' ಬಾಯಿಪಾಠ ಆದ ಮೇಲೆ ಮಕ್ಕಳು ಊಹೆ ಮಾಡೋಕೆ ಶುರು ಮಾಡ್ತಾರೆ. 'ಮಾಹಿತಿ' ಅಂತಾರೆ, ಟೀಚರ್ ಮುಖ ನೋಡ್ತಾರೆ, ಟೀಚರ್ ಹುಬ್ಬು ಗಂಟಿಕ್ಕಿದರೆ 'ಅಲ್ಲಲ್ಲ, ಮನರಂಜನೆ' ಅಂತಾರೆ. ಅದಕ್ಕೇ ನಾನು ಕ್ಲಾಸಿನಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೆ. ಉತ್ತರ ಹೇಳಿದವರು ಅದಕ್ಕೆ ಸಾಕ್ಷಿಯಾಗಿ ಒಂದು ಪದವನ್ನ ಬೆರಳಿಟ್ಟು ತೋರಿಸಬೇಕು. 'ಇಂದೇ', 'ಕೊಳ್ಳಿ' ಅನ್ನೋ ಪದ ತೋರಿಸಿದರೆ ಮನವೊಲಿಕೆ. ಊರಿನ ಹೆಸರು, ಅಂಕಿ, ಭಾಗಗಳ ಹೆಸರು ಬರೆದ ಚಿತ್ರ ಇದ್ದರೆ ಬಹುಶಃ ಮಾಹಿತಿ. ಹಣ್ಣು ಮಾತಾಡಿದರೆ, ಪ್ರಾಸ ಕುಣಿದರೆ ಮನರಂಜನೆ. ಬೆರಳು ಪುಟದ ಮೇಲೆ ಹೋದಾಗ ಮಗು ಟೀಚರ್ ಮುಖ ಓದೋದು ಬಿಟ್ಟು ಪಾಠ ಓದುತ್ತೆ.

ಹಾಗಂತ ಎಲ್ಲ ಬರಹವೂ ಒಂದೇ ಡಬ್ಬಿಯಲ್ಲಿ ಕೂರಲ್ಲ. ಜಿ.ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ತಗೊಳ್ಳಿ. ಹಾಡ್ತಾ ಹಾಡ್ತಾ ಮಜಾ ಬರುತ್ತೆ. ಕೊನೆಗೆ ತುತ್ತೂರಿ ನೀರಿಗೆ ಬಿದ್ದಾಗ ಜಂಬ ಪಡಬಾರದು ಅನ್ನೋದೂ ಮನಸ್ಸಿಗೆ ಇಳಿಯುತ್ತೆ. ಪಂಚತಂತ್ರದಲ್ಲಂತೂ ಉದ್ದೇಶ ಕಥೆಯ ಶುರುವಿನಲ್ಲೇ ಇದೆ. ಓದಿನ ಕಡೆ ಗಮನವೇ ಇಲ್ಲದ ಮೂವರು ರಾಜಕುಮಾರರಿಗೆ ಆರು ತಿಂಗಳಲ್ಲಿ ನೀತಿಶಾಸ್ತ್ರ ಕಲಿಸ್ತೀನಿ ಅಂತ ವಿಷ್ಣುಶರ್ಮ ರಾಜನಿಗೆ ಮಾತು ಕೊಡ್ತಾನೆ. ಆಮೇಲೆ ಬರೋ ಸಿಂಹ, ನರಿ, ಕೋತಿ, ಮೊಸಳೆ ಎಲ್ಲ ಆ ಪಾಠದ ಸಾಮಗ್ರಿ. ಹೊರಗೆ ಮನರಂಜನೆ, ಒಳಗೆ ಬೋಧನೆ. ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ 'ಎರಡು ಉದ್ದೇಶ ಇರಬಹುದು, ಯಾವುದು ಹೆಚ್ಚು, ಯಾಕೆ?' ಅಂತ ಕೇಳಿ. ಇಬ್ಬರು ಮಕ್ಕಳು ಬೇರೆ ಬೇರೆ ಉತ್ತರ ಹೇಳಿ ಜಗಳ ಆಡಿದರೆ ಖುಷಿ ಪಡಿ. ಇಬ್ಬರ ಕೈಯಲ್ಲೂ ಸಾಕ್ಷಿ ಇದ್ದರೆ ಇಬ್ಬರೂ ಸರಿ ಇರಬಹುದು.

ಇದಕ್ಕೆ ಸಾಮಗ್ರಿ ಬೇಕಲ್ಲ ಅಂತ ಕೆಲವರು ಕೇಳ್ತಾರೆ. ಒಂದು ಖಾಲಿ ಬಿಸ್ಕತ್ ಪೊಟ್ಟಣ ಸಾಕು. ಮುಂದಿನ ಭಾಗದಲ್ಲಿ ದೊಡ್ಡ ಅಕ್ಷರ, ಬಣ್ಣ, ನಗೋ ಮಗು, 'ಶಕ್ತಿ', 'ರುಚಿ' ಅನ್ನೋ ಮಾತು. ಹಿಂದೆ ತಿರುಗಿಸಿ. ಇರುವೆಯಂಥ ಅಕ್ಷರದಲ್ಲಿ ತೂಕ, ಬೆಲೆ, ಸಕ್ಕರೆ ಎಷ್ಟು, ಎಷ್ಟು ದಿನದೊಳಗೆ ತಿನ್ನಬೇಕು, ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿ. ಒಂದೇ ಪೊಟ್ಟಣ, ಮುಂದೆ ಮನವೊಲಿಕೆ, ಹಿಂದೆ ಮಾಹಿತಿ. 'ಯಾವುದು ದೊಡ್ಡದಾಗಿದೆ? ಯಾಕಿರಬಹುದು?' ಅಂತ ಕೇಳಿ ಸುಮ್ಮನಿದ್ದುಬಿಡಿ. ಉಳಿದದ್ದನ್ನ ಮಕ್ಕಳೇ ಹೇಳ್ತಾರೆ.

ಇಲ್ಲಿ ಒಂದು ಮಾತು ಸೇರಿಸಬೇಕು. ಮನವೊಲಿಸೋದೆಲ್ಲ ಮೋಸ ಅನ್ನೋ ಭಾವನೆ ಮಕ್ಕಳಲ್ಲಿ ಬರಬಾರದು. ಆಸ್ಪತ್ರೆ ಗೋಡೆ ಮೇಲಿನ ಪೋಲಿಯೊ ಲಸಿಕೆ ಪೋಸ್ಟರ್ ಕೂಡ ಮನವೊಲಿಸುತ್ತೆ. ಬಿಸ್ಕತ್ತಿನ ಜಾಹೀರಾತೂ ಮನವೊಲಿಸುತ್ತೆ. ಒಪ್ಪಿಕೊಂಡರೆ ಲಾಭ ಯಾರಿಗೆ ಅಂತ ಕೇಳೋದನ್ನ ಕಲಿಸಿದರೆ, ಎರಡರ ನಡುವಿನ ವ್ಯತ್ಯಾಸ ಅವರಿಗೇ ಗೊತ್ತಾಗುತ್ತೆ.

ಕಲಿತದ್ದು ನಿಲ್ಲಬೇಕು ಅಂದರೆ ಬರೆಸಿ. 'ನಮ್ಮ ಶಾಲೆ' ಅಂತ ಒಂದೇ ವಿಷಯ ಕೊಡಿ. ಒಂದು ಗುಂಪು ಹೊಸದಾಗಿ ಸೇರಿದ ಹುಡುಗಿಗೆ ದಾರಿ, ಸಮಯ, ಊಟದ ಬೆಲ್ಲು ಎಲ್ಲ ತಿಳಿಸೋ ಹಾಗೆ ಬರೀಲಿ. ಇನ್ನೊಂದು ಗುಂಪು ಆಟದ ಮೈದಾನಕ್ಕೆ ಬೇಲಿ ಹಾಕಿಸಿಕೊಡಿ ಅಂತ ಪಂಚಾಯಿತಿಗೆ ಪತ್ರ ಬರೀಲಿ. ಮತ್ತೊಂದು ಗುಂಪು ಶಾಲೆಯ ಬೆಂಚು ರಾತ್ರಿ ಮಾತಾಡಿದ ಕಥೆ ಬರೀಲಿ. ಒಬ್ಬರ ಬರಹವನ್ನ ಇನ್ನೊಬ್ಬರು ಓದಿ ಉದ್ದೇಶ ಹೇಳಬೇಕು. ತಾವೇ ಉದ್ದೇಶ ಇಟ್ಟುಕೊಂಡು ಪದ ಆರಿಸಿದ ಮಕ್ಕಳಿಗೆ, ಬೇರೆಯವರೂ ಹಾಗೇ ಆರಿಸ್ತಾರೆ ಅನ್ನೋದು ಬೇಗ ಹೊಳೆಯುತ್ತೆ.

ಇಷ್ಟೆಲ್ಲ ಯಾಕೆ ಬೇಕು? ಪರೀಕ್ಷೆಯಲ್ಲಿ ಎರಡು ಮಾರ್ಕ್ಸಿಗಾ? 2018 ಅನ್ನ ನೆನಪು ಮಾಡಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ದೇಶದ ತುಂಬ ವಾಟ್ಸಾಪ್‌ನಲ್ಲಿ ವದಂತಿ ಹಬ್ಬಿತ್ತು. ಅದರ ಜೊತೆ ಒಂದು ವಿಡಿಯೊ ಓಡಾಡ್ತಿತ್ತು. ಬೈಕಿನಲ್ಲಿ ಬಂದವರು ಬೀದಿಯಲ್ಲಿದ್ದ ಹುಡುಗನನ್ನ ಎತ್ತಿಕೊಂಡು ಹೋಗ್ತಾರೆ. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ಮೇಲೆ ಕಣ್ಣಿಡಿ ಅಂತ ಅಪ್ಪ ಅಮ್ಮಂದಿರನ್ನ ಎಚ್ಚರಿಸೋಕೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಹುಡುಗನನ್ನ ವಾಪಸ್ ತಂದು ಬಿಟ್ಟು, ಸಂದೇಶ ಬರೆದ ಫಲಕ ತೋರಿಸ್ತಾರೆ. ಯಾರೋ ಆ ಕೊನೆಯ ಭಾಗವನ್ನೇ ಕತ್ತರಿಸಿ ಹಂಚಿಬಿಟ್ಟಿದ್ದರು. ಅಂದರೆ, ಕತ್ತರಿಸಿದ್ದು ಮಾಡಿದವರ ಉದ್ದೇಶವನ್ನೇ. ಆ ವರ್ಷ ಇಂಥ ವದಂತಿಗಳನ್ನ ನಂಬಿದ ಗುಂಪುಗಳು ಬೆಂಗಳೂರಿನಲ್ಲೂ ಬೀದರ್ ಜಿಲ್ಲೆಯಲ್ಲೂ ಏನೂ ತಪ್ಪು ಮಾಡದವರನ್ನ ಹೊಡೆದು ಕೊಂದವು. ಆ ಮೆಸೇಜು ಮುಂದೆ ಕಳಿಸಿದವರಿಗೆಲ್ಲ ಅಕ್ಷರ ಬರ್ತಿತ್ತು. 'ಇದನ್ನ ಯಾರು, ಯಾರಿಗೆ, ಯಾಕೆ ಮಾಡಿದರು?' ಅನ್ನೋ ಪ್ರಶ್ನೆ ಮಾತ್ರ ಬಂದಿರಲಿಲ್ಲ.

ಹತ್ತು ವರ್ಷದ ಮಗುವಿಗೆ ಈ ಘಟನೆ ಹೇಳಬೇಕಾಗಿಲ್ಲ. ಆ ಪ್ರಶ್ನೆಯ ರೂಢಿ ಮಾಡಿಸಿದರೆ ಸಾಕು. ಇವತ್ತು ರಾತ್ರಿ ಮಗುವಿನ ಜೊತೆ ಕೂತು ಮನೆಯಲ್ಲಿರೋ ಯಾವುದಾದರೂ ಮೂರು ಬರಹ ತಗೊಳ್ಳಿ. ಪೇಪರಿನ ಒಂದು ಸುದ್ದಿ, ಒಂದು ಜಾಹೀರಾತು, ನಿಮ್ಮ ಫೋನಿಗೆ ಬಂದ ಒಂದು ಫಾರ್ವರ್ಡ್. ಒಂದೊಂದಕ್ಕೂ ಈ ಪ್ರಶ್ನೆ ಕೇಳಿ, ಸಾಕ್ಷಿ ಪದ ಹುಡುಕಿಸಿ. ಹತ್ತು ನಿಮಿಷ ಸಾಕು. ಫಾರ್ವರ್ಡಿಗೆ ಮಗು 'ಯಾರು ಬರೆದಿದ್ದು ಅಂತಲೇ ಇಲ್ವಲ್ಲಪ್ಪ' ಅಂದರೆ, ಪಾಠ ಅದಕ್ಕೆ ಅರ್ಥವಾಗಿದೆ ಅಂತ ತಿಳ್ಕೊಳ್ಳಿ.

ನಿಮ್ಮ ಮನೆಯಲ್ಲಿ, ಕ್ಲಾಸಿನಲ್ಲಿ ಏನು ಉತ್ತರ ಬಂತು ಅಂತ ನಮಗೂ ಬರೆದು ತಿಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.