ನೋಟಿಸು ವಾಪಸ್ಸು ಕಳಿಸಬೇಡಿ

ಗೃಹಸಾಲದ ಒಂದು ಕಂತು ತಪ್ಪಿದರೆ ಬ್ಯಾಂಕಿನವರು ಮರುದಿನವೇ ಬೀಗ ಜಡಿಯುತ್ತಾರೆಂದು ನಡುಗುವವರಿದ್ದಾರೆ. ಕೋರ್ಟಿಗೆ ಹೋಗದೆ ಅವರೇನೂ ಮಾಡಲಾರರೆಂದು ನಿಶ್ಚಿಂತರಾಗಿರುವವರೂ ಇದ್ದಾರೆ. ಚೆನ್ನೈಯಲ್ಲಿ ಬ್ಯಾಂಕಿನ ವಸೂಲಾತಿ ವಿಭಾಗದಲ್ಲಿದ್ದಾಗ ಇಬ್ಬರನ್ನೂ ಕಂಡಿದ್ದೇನೆ. ಮನೆ ಕಳೆದುಕೊಂಡವರಲ್ಲಿ ಎರಡನೆಯ ಬಗೆಯವರೇ ಹೆಚ್ಚು.

ಚೆನ್ನೈಯಲ್ಲಿ ಮನೆಪತ್ರವನ್ನು ಸಾಲಕ್ಕೆ ಭದ್ರತೆಯಾಗಿ ಒಪ್ಪಿಸಿದರೆ ಅಡಮಾನವಾದಂತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಈ ಸೌಲಭ್ಯವಿರುವ ಪಟ್ಟಣಗಳಾಗಿ ಕಲ್ಕತ್ತ, ಬೊಂಬಾಯಿಗಳ ಜೊತೆ ಮದ್ರಾಸಿನ ಹೆಸರೂ ಇದೆ. ಆದರೆ ಸಾಲ ಸುಸ್ತಿಯಾದಾಗ ಬ್ಯಾಂಕು ಸಾಮಾನ್ಯವಾಗಿ ಕೋರ್ಟು ಅಲೆಯಬೇಕಿತ್ತು. 2002ರ ಸರ್ಫೇಸಿ ಕಾಯ್ದೆ ಆ ಅಲೆದಾಟ ತಪ್ಪಿಸಿತು.

ಬಾಕಿ 90 ದಿನ ಮೀರಿದರೆ ಖಾತೆ ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ. ಅಲ್ಲಿಯವರೆಗೆ ಫೋನು, ಪತ್ರ, ವಸೂಲಿ ಏಜೆಂಟರು. ಅವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಎನ್‌ಪಿಎ ಆದಮೇಲೆ, ಬಾಕಿ ಕಟ್ಟಲು 60 ದಿನಗಳ ಗಡುವಿನ ನೋಟಿಸು. ಅದಕ್ಕೆ ನೀವು ಆಕ್ಷೇಪಣೆ ಬರೆದುಕೊಟ್ಟರೆ 15 ದಿನದೊಳಗೆ ಬ್ಯಾಂಕು ಕಾರಣಸಹಿತ ಉತ್ತರಿಸಲೇಬೇಕು.

ಗಡುವು ದಾಟಿದರೆ ಸ್ವಾಧೀನದ ನೋಟಿಸು ಬಾಗಿಲಿಗೆ ಬೀಳುತ್ತದೆ. ಎರಡು ಪತ್ರಿಕೆಗಳಲ್ಲೂ ಪ್ರಕಟವಾಗುತ್ತದೆ. ಅವುಗಳಲ್ಲೊಂದು ಇಲ್ಲಿ ತಮಿಳಿನದು. ಸಾಲಗಾರನ ಹೆಸರು, ಬಾಕಿ, ಸರ್ವೆ ನಂಬರು, ಚಕ್ಕುಬಂದಿ ಎಲ್ಲ ಅಚ್ಚಾಗಿರುತ್ತದೆ. ನಂಗನಲ್ಲೂರಿನ ಫ್ಲ್ಯಾಟೊಂದರ ಬಾಗಿಲಿಗೆ ನಮ್ಮ ಹುಡುಗ ಗೋಂದು ಸವರುತ್ತಿದ್ದಾಗ ಒಳಗಿನಿಂದ ಅಜ್ಜಿಯೊಬ್ಬರು ಬಂದರು. ನಾನು ಕನ್ನಡದವನೆಂದು ತಿಳಿದದ್ದೇ, “ಯಾಕಪ್ಪಾ, ಮೊದಲೇ ಒಂದು ಮಾತು ಹೇಳಬಾರದಿತ್ತಾ?” ಎಂದರು. ಹೇಳಿದ್ದೆವು. ರಿಜಿಸ್ಟರ್ಡ್ ಲಕೋಟೆಯನ್ನು ಮಗ ತೆಗೆದುಕೊಳ್ಳದೆ ಹಿಂದಿರುಗಿಸಿದ್ದ. ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ. 60 ದಿನ ಅವನಿಗೆ ಗೊತ್ತಿಲ್ಲದಂತೆ ಕಳೆದುಹೋಗಿತ್ತು.

ಇದು ಕಾಗದದ ಮೇಲಿನ ಸ್ವಾಧೀನ. ಸಂಸಾರ ಇನ್ನೂ ಒಳಗೇ ಇರುತ್ತದೆ. ಬಿಡಲೊಪ್ಪದವರನ್ನು ಹೊರಗೆ ಕಳಿಸಲು ಬ್ಯಾಂಕು ಮ್ಯಾಜಿಸ್ಟ್ರೇಟರ ಆದೇಶ ತರುತ್ತದೆ. ಚೆನ್ನೈ ನಗರಕ್ಕೆ ಅದು ಎಗ್ಮೋರಿನ ಕೋರ್ಟು. ಕೋರ್ಟು ನೇಮಿಸಿದ ವಕೀಲ ಕಮಿಷನರು ಪೊಲೀಸರೊಂದಿಗೆ ಬರುತ್ತಾರೆ.

ಬ್ಯಾಂಕಿನ ಕ್ರಮ ತಪ್ಪೆನಿಸಿದರೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ, ಹೋಗಬಹುದು. ಮೊದಲು ಅದಕ್ಕೆ ಬ್ಯಾಂಕು ಕೇಳಿದ ಮೊತ್ತದ ಶೇ. 75ನ್ನು ಠೇವಣಿ ಇಡಬೇಕಿತ್ತು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿದರೂ ಆ ಷರತ್ತನ್ನು ಹೊಡೆದುಹಾಕಿತು. ಅಸಲು, ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ.

ಹರಾಜಿಗೆ ಮುನ್ನ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ದರ ಗೊತ್ತುಮಾಡಬೇಕು. ಮೊದಲ ಬಾರಿಗೆ 30 ದಿನಗಳ ನೋಟಿಸು ಕೊಡಬೇಕು. ಬಾಕಿ, ಖರ್ಚು ಕಳೆದು ಉಳಿದ ಹಣ ಮನೆಯವರದು. ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವುದಾದರೆ ಹರಾಜಿನ ಪ್ರಕಟಣೆಗೆ ಮೊದಲೇ ಕಟ್ಟಬೇಕು. 2016ರ ತಿದ್ದುಪಡಿಯ ನಂತರ, ಹರಾಜಿನ ದಿನ ದುಡ್ಡಿನ ಚೀಲ ಹಿಡಿದು ಓಡಿ ಬಂದರೆ ಪ್ರಯೋಜನವಿಲ್ಲ.

ಕೆಲಸ ಹೋಯಿತೋ, ಆಸ್ಪತ್ರೆ ಖರ್ಚು ಬಂತೋ, ಮೊದಲ ಕಂತು ತಪ್ಪುವ ಮುಂಚೆಯೇ ಶಾಖೆಗೆ ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅವಧಿ ಹಿಗ್ಗಿಸಿ ಕಂತು ತಗ್ಗಿಸುವ ಅವಕಾಶ ಆಗ ಹೆಚ್ಚು. ಏನೂ ಸಾಧ್ಯವಾಗದಿದ್ದರೆ, ಬ್ಯಾಂಕಿಗೆ ತಿಳಿಸಿ ನೀವೇ ಗಿರಾಕಿ ಹುಡುಕಿ. 60 ದಿನಗಳ ನೋಟಿಸು ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಹರಾಜಿಗೆ ಬರುವವರು ಅಗ್ಗದ ಮನೆ ಹುಡುಕಿಕೊಂಡು ಬರುವವರು. ನೀವೇ ತಂದ ಗಿರಾಕಿಯೊಂದಿಗೆ ಚೌಕಾಸಿಗಾದರೂ ಜಾಗವಿರುತ್ತದೆ.